ಜೋಳಿಗೆಯ ಹಿಂದೆ ಒಂದು ಕೋಣೆ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)

 

ಗೋಷ್ಠಿಯ ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ವ್ಯಸನಮುಕ್ತ ಸಮಾಜ’. ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕಾಲುವೆಗಳ ಮೇಲೆ ಓಡಾಡಿ ನಿವೃತ್ತನಾದ ಎಂಜಿನಿಯರು. ಇಡೀ ಸಮಾಜವನ್ನು ಮುಕ್ತಗೊಳಿಸುವ ಉಪನ್ಯಾಸ ನನ್ನಿಂದ ಆಗುವ ಕೆಲಸವಲ್ಲ. ಕುಡಿತ ಬಿಡಬೇಕೆಂದು ಮನಸ್ಸು ಮಾಡಿದ ಒಬ್ಬ ಮನುಷ್ಯ ಮರುದಿನ ಸಂಜೆ ಎಲ್ಲಿ ಹೋಗಿ ಕೂಡಬೇಕು ಎಂಬಷ್ಟನ್ನೇ ಹೇಳುತ್ತೇನೆ. ಆ ಮನುಷ್ಯ ನನ್ನ ಒಡಹುಟ್ಟಿದ ತಮ್ಮ. ಅವನನ್ನು ಕೇಳಿಯೇ ಬಂದಿದ್ದೇನೆ. ‘ಹೇಳು ಅಣ್ಣಾ, ನಾಲ್ಕು ಮಂದಿಗೆ ಉಪಯೋಗ ಆಗ್ತದ. ಹೆಸರು ಮಾತ್ರ ಬ್ಯಾಡ’ ಎಂದಿದ್ದಾನೆ.

ನಮ್ಮ ಕಡೆ ಈ ಮಾತು ಎತ್ತಿದರೆ ಮೊದಲು ನೆನಪಾಗುವವರು ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ಜೋಳಿಗೆ ಹಿಡಿದು ಹೊರಟರು. ಜೋಳಿಗೆ ಹಿಡಿದ ಸ್ವಾಮಿಗಳಿಗೆ ಹಿಟ್ಟು ಹಾಕಿ, ಜೋಳ ಹಾಕಿ, ರೊಕ್ಕ ಹಾಕಿ ಗೊತ್ತಿದ್ದ ಜನಕ್ಕೆ ಅವರು ಕೇಳಿದ್ದು ಬೇರೆ. ನಿಮ್ಮ ಕುಡಿತ ಹಾಕಿರಿ, ಬೀಡಿ ಹಾಕಿರಿ, ಗುಟ್ಕಾ ಹಾಕಿರಿ ಎಂದರು. ಕೇರಿ, ತಾಂಡಾ ಎಲ್ಲ ತಿರುಗಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ಜೋಳಿಗೆಯಿಂದ ಉಳಿದ ಮನೆಗಳನ್ನು ನಾನು ಬಲ್ಲೆ. ಈ ವೇದಿಕೆಯ ಮುಂದೆಯೇ ಅಂಥ ಮನೆಗಳವರು ಕುಳಿತಿದ್ದಾರೆ.

ನನ್ನ ತಮ್ಮನೂ ಪ್ರಮಾಣ ಮಾಡಿದವನೇ. ಒಂದು ಮಠದ ಜಾತ್ರೆಯಲ್ಲಿ, ಹೆಂಡತಿ ಮಕ್ಕಳ ಎದುರು, ಇಷ್ಟಲಿಂಗ ಅಂಗೈಯಲ್ಲಿ ಹಿಡಿದು ಇನ್ನು ಮುಟ್ಟುವುದಿಲ್ಲ ಎಂದ. ಸುಳ್ಳು ಹೇಳಲಿಲ್ಲ. ಅವತ್ತಿನಿಂದ ಒಂದು ಹನಿ ಮುಟ್ಟಲಿಲ್ಲ. ಮರುದಿನ ಕೈ ನಡುಗತೊಡಗಿತು. ಬೆವರು, ವಾಂತಿ, ನಿದ್ರೆ ಇಲ್ಲ. ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು ಹರಿದಾಡುತ್ತಿದೆ ಎಂದು ಅರಿವೆಯಿಂದ ಒರೆಸುತ್ತ ನಿಂತ. ಅವ್ವ ‘ಗಾಳಿ ಬಡದೈತಿ’ ಎಂದಳು. ನೆರೆಯ ಹಿರಿಯರೊಬ್ಬರು ‘ಒಂದು ಗುಟುಕು ಕೊಟ್ಟುಬಿಡ್ರಿ, ಸುಮ್ಮನಾಗ್ತಾನ’ ಎಂದರು. ಅವನ ಹೆಂಡತಿ ನನಗೆ ಫೋನು ಮಾಡಿ, ‘ಭಾವಾರ, ಪ್ರಮಾಣ ಮಾಡಿದ್ದಕ್ಕ ಹಿಂಗ ಆತೇನ್ರಿ?’ ಎಂದು ಕೇಳಿದಳು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಜೀವ ಹೋಗುವುದು ಇಲ್ಲೇ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದ ದೇಹ ಮದ್ಯಕ್ಕೆ ಒಗ್ಗಿಕೊಂಡಿರುತ್ತದೆ. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ಅದನ್ನು ಸರಿದೂಗಿಸಲು ಮಿದುಳು ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದಾಗ ಮಂದ ಮಾಡುವ ವಸ್ತು ಹೋಯಿತು, ವೇಗ ಮಾತ್ರ ಉಳಿಯಿತು. ಆಣೆಕಟ್ಟಿನ ಗೇಟು ಏಕಾಏಕಿ ಎತ್ತಿದರೆ ಕೆಳಗಿನ ಕಾಲುವೆಯ ದಂಡೆ ಒಡೆಯುವ ಹಾಗೆ. ಮೊದಲ ಎರಡು ದಿನಗಳಲ್ಲಿ ಮೂರ್ಛೆ ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಇಲ್ಲದ್ದು ಕಾಣುವುದು, ಜ್ವರ, ಸನ್ನಿ ಶುರುವಾಗಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣಾಪಾಯ. ಇದಕ್ಕೆ ಔಷಧ ಇದೆ. ವೈದ್ಯರು ನರ ಶಾಂತಗೊಳಿಸುವ ಗುಳಿಗೆಗಳನ್ನು ಕೆಲವು ದಿನ ಕೊಟ್ಟು ಕ್ರಮೇಣ ಇಳಿಸುತ್ತಾರೆ, ಬಿ-1 ಜೀವಸತ್ವದ ಚುಚ್ಚುಮದ್ದು ಹಾಕುತ್ತಾರೆ. ಅಷ್ಟೇ. ಗಾಳಿಯೂ ಅಲ್ಲ, ಪ್ರಮಾಣದ ಶಾಪವೂ ಅಲ್ಲ. ಪ್ರಮಾಣ ಬೋಧಿಸುವ ವೇದಿಕೆಯಲ್ಲಿ ‘ದಿನವೂ ಕುಡಿಯುವವರು ಮೊದಲು ಡಾಕ್ಟರರನ್ನು ಕಾಣಿರಿ’ ಎಂಬ ಒಂದು ಮಾತು ಸೇರಿಸಬೇಕೆಂದು ಪೂಜ್ಯರಲ್ಲಿ ನನ್ನ ಅರಿಕೆ.

ಇನ್ನೊಂದು ಮಾತು ತಾಯಂದಿರಿಗೆ. ಕುಡಿತ ಬಿಡಿಸುವ ಪುಡಿ, ಗುಳಿಗೆ ಎಂದು ತಂದು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಕಲಸುವುದುಂಟು. ಡೈಸಲ್ಫಿರಾಮ್ ಎಂಬ ಗುಳಿಗೆ ತೆಗೆದುಕೊಂಡವನು ಅದರ ಮೇಲೆ ಕುಡಿದರೆ ಎದೆಬಡಿತ ಏರಿ, ರಕ್ತದೊತ್ತಡ ಕುಸಿದು ಸಾಯಲೂಬಹುದು. ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾದ ಔಷಧವದು. ಕದ್ದು ಹಾಕಬೇಡಿ.

ತಮ್ಮ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಮನೆಗೆ ಬಂದ. ಬಿಡುಗಡೆ ಮಾಡುವಾಗ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ‘ದೇಹದಿಂದ ಹೊರಗೆ ಹಾಕೀವಿ ಸರ್, ಇನ್ನು ಇವರು ವಾರಕ್ಕೊಮ್ಮೆಯಾದರೂ ಕೂಡಲಿಕ್ಕೆ ಒಂದು ಜಾಗ ಹುಡುಕ್ರಿ’ ಎಂದರು. ಆ ಮಾತು ನನಗೆ ಕೂಡಲೇ ಹಿಡಿಸಿತು. ಕಾಲುವೆಗೆ ಶಂಕುಸ್ಥಾಪನೆ ಆಗುತ್ತದೆ, ಉದ್ಘಾಟನೆ ಆಗುತ್ತದೆ, ಫೋಟೋ ಬರುತ್ತದೆ. ಆಮೇಲೆ ಇಪ್ಪತ್ತು ವರ್ಷ ಆ ಕಾಲುವೆಯಲ್ಲಿ ನೀರು ಹರಿಯುವುದು ದಿನವೂ ದಂಡೆಯ ಮೇಲೆ ನಡೆದು ಹೂಳು ನೋಡುವ, ಸೋರಿಕೆ ಮುಚ್ಚುವ ನೀರಗಂಟಿಯಿಂದ. ಅವನ ಫೋಟೋ ಯಾರೂ ತೆಗೆಯುವುದಿಲ್ಲ.

ನೀರಗಂಟಿಯನ್ನು ಹುಡುಕುವುದೇ ಕಷ್ಟವಾಯಿತು. ವೈದ್ಯರು ಹೇಳಿದ್ದು ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಎ.ಎ. ಎನ್ನುವ ಕೂಟ. ಅನಾನಿಮಸ್ ಎಂದರೆ ಹೆಸರು ಹೇಳಿಕೊಳ್ಳದವರು. ಹೆಸರು ಹೇಳಿಕೊಳ್ಳದವರು ಫಲಕ ಹಾಕಿಕೊಂಡು ಕೂಡುವುದಿಲ್ಲವಲ್ಲ. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ ಬಾರ್ ಎಷ್ಟಿವೆ ಎಂದು ಹೇಳುತ್ತಾರೆ, ಇದು ಎಲ್ಲಿದೆ ಎಂದು ಹೇಳುವವರಿಲ್ಲ. ಕೊನೆಗೆ ಅವರ ಸಹಾಯವಾಣಿಯ ಒಂದು ಮೊಬೈಲ್ ಸಂಖ್ಯೆ ಸಿಕ್ಕಿತು. ಫೋನು ಎತ್ತಿದವರು ‘ಕುಡಿಯೋರು ನೀವೇನ್ರಿ?’ ಎಂದರು. ಅಲ್ಲ, ತಮ್ಮ ಎಂದೆ. ‘ಹಂಗಾದ್ರ ಫೋನು ಅವರ ಕೈಯಾಗ ಕೊಡ್ರಿ. ನಾನೂ ಕುಡೀತಿದ್ದವನ ರೀ, ಅವರ ಜೊತಿ ನಾ ಮಾತಾಡ್ತೀನಿ’ ಎಂದರು. ತಮ್ಮ ಫೋನು ಹಿಡಿದು ಅಂಗಳಕ್ಕೆ ಹೋದವನು ಮುಕ್ಕಾಲು ಗಂಟೆ ಒಳಗೆ ಬರಲಿಲ್ಲ. ನನ್ನ ಜೊತೆ ಅವನು ಹತ್ತು ವರ್ಷದಲ್ಲಿ ಅಷ್ಟು ಹೊತ್ತು ಮಾತಾಡಿದ್ದಿಲ್ಲ.

ಆಮೇಲೆ ಓದಿ ತಿಳಿದೆ, ಈ ಕೂಟ ಹುಟ್ಟಿದ್ದೂ ಒಂದು ಫೋನಿನಿಂದಲೇ. 1935ರ ಮೇ ತಿಂಗಳು, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರು. ನ್ಯೂಯಾರ್ಕಿನಿಂದ ವ್ಯವಹಾರಕ್ಕೆ ಬಂದ ಬಿಲ್ ವಿಲ್ಸನ್ ಎಂಬಾತ ಹೋಟೆಲಿನ ಮೊಗಸಾಲೆಯಲ್ಲಿ ಅಡ್ಡಾಡುತ್ತಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ವ್ಯವಹಾರ ಮುರಿದಿತ್ತು. ಒಂದು ತುದಿಯಲ್ಲಿ ಬಾರು, ಇನ್ನೊಂದು ತುದಿಯಲ್ಲಿ ಟೆಲಿಫೋನು. ಅವನು ಟೆಲಿಫೋನಿನ ಕಡೆ ನಡೆದ. ಊರಿನ ಚರ್ಚುಗಳ ಪಟ್ಟಿ ಹಿಡಿದು, ನನಗೆ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕಿದೆ, ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ. ಕೊನೆಗೊಬ್ಬ ಮಹಿಳೆಯ ಮೂಲಕ ಮರುದಿನ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಭೇಟಿಯಾಯಿತು. ಹದಿನೈದು ನಿಮಿಷ ಮಾತ್ರ ಎಂದು ಬಂದ ಆ ವೈದ್ಯ ಆರು ಗಂಟೆಗೂ ಮೇಲೆ ಕುಳಿತ. ಬಿಲ್ ಅವನಿಗೆ ಬುದ್ಧಿ ಹೇಳಲಿಲ್ಲ. ತನ್ನ ಕಥೆ ಹೇಳಿಕೊಂಡ, ತನಗೇ ಸಹಾಯ ಬೇಕೆಂದು ಬಂದಿದ್ದ. ವೈದ್ಯ ಅದೇ ಜೂನ್ 10ರಂದು ಕೊನೆಯ ಬಾರಿ ಕುಡಿದ. ಆ ದಿನವನ್ನೇ ಎ.ಎ. ಹುಟ್ಟಿದ ದಿನವೆಂದು ಎಣಿಸುತ್ತಾರೆ. ನಮ್ಮ ದೇಶಕ್ಕೆ, ಮುಂಬಯಿಗೆ, ಅದು ಬಂದದ್ದು 1957ರಲ್ಲಿ.

ನಮಗೆ ಸಿಕ್ಕ ಕೂಟ ನಮ್ಮೂರಿಂದ ಬಸ್ಸಿನಲ್ಲಿ ಎರಡೂವರೆ ತಾಸಿನ ದಾರಿ. ಜಾಗ ಯಾವುದು ಅಂತೀರಿ? ಒಂದು ಚರ್ಚಿನ ಶಾಲೆಯ ಕೋಣೆ. ಮನೆಯಲ್ಲಿ ಅವ್ವ ಊಟ ಬಿಟ್ಟಳು. ‘ಕುಡದ್ರ ಕುಡೀಲಿ, ಲಿಂಗಾ ಮಾತ್ರ ಬಿಡೂದು ಬ್ಯಾಡ’ ಎಂದಳು. ನಗಬೇಡಿರಿ. ಈ ಸಂಶಯ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ, ಇದರಿಂದಾಗಿ ಮಂದಿ ಸಾಯುತ್ತಿದ್ದಾರೆ. ಆದ್ದರಿಂದ ಮೊದಲ ಬಾರಿ ನಾನೇ ಜೊತೆಗೆ ಹೋದೆ. ಅವರಲ್ಲಿ ಎರಡು ಬಗೆಯ ಸಭೆಗಳಿವೆ. ಮುಕ್ತ ಸಭೆಗೆ ಮನೆಯವರು, ಆಸಕ್ತರು ಯಾರೂ ಹೋಗಬಹುದು. ಇನ್ನೊಂದು, ಕುಡಿತದ ತೊಂದರೆ ಇದ್ದವರಿಗೆ ಮಾತ್ರ. ನಾನು ಹೋದದ್ದು ಮುಕ್ತ ಸಭೆಗೆ.

ಅಲ್ಲಿ ಯಾರು ಏನು ಹೇಳಿದರು ಎಂಬುದನ್ನು ಹೊರಗೆ ಆಡಬಾರದು, ಆಡುವುದಿಲ್ಲ. ಕಂಡದ್ದನ್ನು ಮಾತ್ರ ಹೇಳುತ್ತೇನೆ. ಮಕ್ಕಳ ಬೆಂಚುಗಳು. ಸ್ಟೀಲಿನ ಕ್ಯಾನಿನಲ್ಲಿ ಚಹಾ. ಹದಿನಾಲ್ಕು ಜನ: ಒಬ್ಬರ ಅಂಗಿಯ ಮೇಲೆ ಗ್ಯಾರೇಜಿನ ಎಣ್ಣೆ, ಒಬ್ಬರ ಕೈಯಲ್ಲಿ ಕಾರಿನ ಚಾವಿ, ಒಬ್ಬ ಹೆಣ್ಣುಮಗಳು. ಒಬ್ಬೊಬ್ಬರೇ ಎದ್ದು ಮೊದಲ ಹೆಸರಷ್ಟೇ ಹೇಳಿ, ನಾನು ಕುಡಿತದ ರೋಗಿ ಎಂದು ಹೇಳಿ, ತಮ್ಮ ಕಥೆ ಹೇಳಿ ಕೂಡುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಸಲಹೆ ಕೊಡುವುದಿಲ್ಲ. ಅಡ್ಡಹೆಸರು, ಊರು, ಜಾತಿ ಕೇಳುವುದಿಲ್ಲ. ನಮ್ಮ ಕಡೆ ಅಡ್ಡಹೆಸರು ಕೇಳದೆ ಚಹಾ ಕೊಡುವ ಜಾಗ ಎಷ್ಟಿವೆ ನೀವೇ ಲೆಕ್ಕ ಹಾಕಿರಿ! ಸೇರಲು ಒಂದೇ ಅರ್ಹತೆ, ಕುಡಿತ ನಿಲ್ಲಿಸಬೇಕೆಂಬ ಇಚ್ಛೆ. ಶುಲ್ಕವಿಲ್ಲ. ಕೊನೆಯಲ್ಲಿ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಬಂತು. ಹತ್ತೋ ಇಪ್ಪತ್ತೋ ಹಾಕುತ್ತಾರೆ, ಇಲ್ಲದವರು ಹಾಗೆಯೇ ಮುಂದೆ ದಾಟಿಸುತ್ತಾರೆ. ಆ ಹಣದಲ್ಲೇ ಚಹಾ, ಕೋಣೆಯ ಬಾಡಿಗೆ. ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ನಾನು ಐನೂರರ ನೋಟು ತೆಗೆದಾಗ ನಗುತ್ತಲೇ ಹಿಂದಕ್ಕೆ ಕೊಟ್ಟರು.

ದೇವರ ಮಾತು ಬರುತ್ತದೆ. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ತನಗಿಂತ ದೊಡ್ಡದೊಂದು ಶಕ್ತಿಗೆ ಒಪ್ಪಿಸಿಕೊಳ್ಳುವ ಮಾತಿದೆ. ಆದರೆ ಯಾರು ಯಾವ ರೂಪದಲ್ಲಿ ಅರಿತಿದ್ದಾರೋ ಆ ರೂಪದಲ್ಲಿ. ನನ್ನ ತಮ್ಮ ಕೊರಳಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಯಾರೂ ನೋಡಲೂ ಇಲ್ಲ, ಕೇಳಲೂ ಇಲ್ಲ. ಚರ್ಚಿನವರು ಕೋಣೆ ಕೊಟ್ಟಿದ್ದರು, ತಿಂಗಳ ಬಾಡಿಗೆ ತೆಗೆದುಕೊಳ್ಳುತ್ತಿದ್ದರು. ಅವರ ಸಂಬಂಧ ಅಷ್ಟೇ. ಕುಡಿತದಲ್ಲಿದ್ದಾಗ ತಮ್ಮನ ಲಿಂಗಪೂಜೆ ನಿಂತು ನಾಲ್ಕು ವರ್ಷವಾಗಿತ್ತು. ಚರ್ಚಿನ ಕೋಣೆಗೆ ಹೋಗತೊಡಗಿದ ಎರಡನೆಯ ತಿಂಗಳಿಗೆ ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿ ಕೂಡತೊಡಗಿದ. ಅವ್ವ ತಾನಾಗಿಯೇ ಬುತ್ತಿ ಕಟ್ಟಿಕೊಡತೊಡಗಿದಳು.

ಎಂಜಿನಿಯರು ಆದ್ದರಿಂದ ‘ಇದು ಕೆಲಸ ಮಾಡುತ್ತದೆಯೇ’ ಎಂದು ಕೇಳದೆ ನನಗೆ ಸಮಾಧಾನವಿಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ ಇಪ್ಪತ್ತೇಳು ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟು ಮಾಡಿ ನೋಡಿತು. ರೋಗಿಯನ್ನು ಎ.ಎ. ಕೂಟದೊಂದಿಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆಯಲ್ಲಿ, ಸತತವಾಗಿ ಕುಡಿಯದೆ ಉಳಿದವರ ಪ್ರಮಾಣ ಬೇರೆ ರೂಢಿಯ ಚಿಕಿತ್ಸೆಗಳಿಗಿಂತ ಹೆಚ್ಚಿತ್ತು. ಎಲ್ಲರಿಗೂ ಆಗಿಬರುತ್ತದೆ ಎಂದಲ್ಲ. ಕೆಲವರಿಗೆ ಈ ಕೂಟ ಒಗ್ಗುವುದಿಲ್ಲ. ಅವರಿಗೆ ಆಪ್ತಸಲಹೆ ಇದೆ, ಔಷಧಗಳಿವೆ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಧರ್ಮಸ್ಥಳದ ಯೋಜನೆಯವರು ಮದ್ಯವರ್ಜನ ಶಿಬಿರ ಮಾಡಿ, ಮುಗಿಸಿದವರನ್ನು ಹಾಗೆಯೇ ಬಿಡದೆ ನವಜೀವನ ಸಮಿತಿಗಳಲ್ಲಿ ಕೂಡಿಸುತ್ತಾರೆ. ಕೂಟದ ಹೆಸರು ಯಾವುದಾದರೂ ಇರಲಿ, ಶಿಬಿರದ ನಂತರ ಕೂಡಬೇಕು ಎಂಬುದು ಅವರಿಗೆ ತಿಳಿದಿದೆ. 2019ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದವರಲ್ಲಿ ಮೂವತ್ತೆಂಟು ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದವರು. ಉಳಿದ ಮೂವತ್ತೇಳು ಜನ ಎಲ್ಲಿದ್ದಾರೆ? ಅವರಲ್ಲಿ ಹಲವರು ನಮ್ಮ ಜಾತ್ರೆಗಳಲ್ಲಿದ್ದಾರೆ, ನಮ್ಮ ತೇರು ಎಳೆಯುತ್ತಿದ್ದಾರೆ.

ಈಗ ಹೇಳಬೇಕಾದ ಮುಖ್ಯ ಮಾತು. ಆ ಜಾತ್ರೆಯ ಪ್ರಮಾಣ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಕೂಟ ಸಿಗುವ ಮೊದಲೇ, ಹದಿನೇಳನೆಯ ದಿನ ತಮ್ಮ ಮತ್ತೆ ಕುಡಿದ. ಅವತ್ತಿನಿಂದ ಹನ್ನೊಂದು ತಿಂಗಳು ಅವನು ಮಠದ ಕಡೆ ತಲೆ ಹಾಕಲಿಲ್ಲ. ಗೊಬ್ಬರದ ಅಂಗಡಿಗೆ ಹೋಗುವ ದಾರಿ ಮಠದ ಮುಂದೆಯೇ ಇದೆ. ಅದನ್ನು ಬಿಟ್ಟು ಕೆರೆಯ ಏರಿ ಸುತ್ತಿ ಹೋಗುತ್ತಿದ್ದ. ಸ್ವಾಮಿಗಳು ಅವನನ್ನು ಬೈದಿರಲಿಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ಕೊಟ್ಟ ಮಾತು ಮುರಿದವನಿಗೆ ಮಾತು ಕೊಟ್ಟ ಜಾಗವೇ ಎದುರಿಸಲಾಗದ ಜಾಗವಾಯಿತು. ಕೂಟಕ್ಕೆ ಹೋಗತೊಡಗಿದ ಎರಡನೆಯ ವರ್ಷ, ಒಂದು ಮದುವೆಯಲ್ಲಿ ಮತ್ತೆ ಕುಡಿದ. ಮರುದಿನ ನಸುಕಿನಲ್ಲಿ ಎದ್ದು ಯಾರಿಗೂ ಹೇಳದೆ ಬಸ್ಸು ಹತ್ತಿದ. ಎಲ್ಲಿಗೆ ಹೋದ ಎಂದು ನಾವು ಬಾವಿ, ಕೆರೆ ಹುಡುಕುತ್ತಿದ್ದೆವು. ಅವನು ಕೂಟದ ಗೆಳೆಯರ ಹತ್ತಿರ ಹೋಗಿದ್ದ. ಅಲ್ಲಿ ಬಿದ್ದವನಿಗೆ ಹಾಸಿದ ಬೆಂಚು ತೆಗೆಯುವುದಿಲ್ಲ. ಎಣಿಕೆ ಒಂದನೆಯ ದಿನದಿಂದ ಮತ್ತೆ ಶುರು, ಅಷ್ಟೇ. ಅವರು ಜನ್ಮಪೂರ್ತಿಯ ಪ್ರಮಾಣ ಕೇಳುವುದೇ ಇಲ್ಲ. ಇವತ್ತೊಂದು ದಿನ ಕುಡಿಯಬೇಡ ಎನ್ನುತ್ತಾರೆ. ನಾಳೆಯದನ್ನು ನಾಳೆ. ಆ ಎಣಿಕೆ ಈಗ ಆರು ವರ್ಷ ದಾಟಿದೆ.

ಕಲ್ಯಾಣದ ಶರಣರ ಕೂಟದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದ. ಹೆಂಡ ಮಾರುವುದೇ ಕಾಯಕವಾಗಿದ್ದವನು, ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದವನು. ಅಂಬಿಗ, ಮಡಿವಾಳ, ಸಮಗಾರರೊಂದಿಗೆ ಅವನಿಗೂ ಅಲ್ಲಿ ಜಾಗವಿತ್ತು. ಅನುಭವ ಮಂಟಪವೂ ಎ.ಎ. ಕೂಟವೂ ಒಂದೇ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಎರಡಕ್ಕೂ ಅನ್ಯಾಯ. ಆದರೆ ಪಂಡಿತರ ಉಪದೇಶಕ್ಕಿಂತ ಅವರವರ ಬಾಳಿನ ಅನುಭವ ದೊಡ್ಡದು ಎಂದು ಒಪ್ಪಿದ ಪರಂಪರೆಯ ನಮಗೆ ಆ ಬೆಂಚುಗಳ ಕೋಣೆ ಪರಕೀಯವಾಗಿ ಕಾಣಬೇಕಾಗಿಲ್ಲ.

ಪೂಜ್ಯರೇ, ಮಠಕ್ಕೆ ಶಾಲೆ ಇದೆ, ಪ್ರಸಾದ ನಿಲಯ ಇದೆ. ಸಂಜೆ ಆರರ ಮೇಲೆ ಹನ್ನೆರಡು ಕೋಣೆಗಳು ಬೀಗ ಹಾಕಿಕೊಂಡಿರುತ್ತವೆ. ಅದರಲ್ಲಿ ಒಂದು ಕೋಣೆ, ವಾರಕ್ಕೆ ಒಂದು ಸಂಜೆ, ಒಂದೂವರೆ ತಾಸು ಬೇಕು. ಬ್ಯಾನರು ಬೇಡ. ಉದ್ಘಾಟನೆ ಬೇಡ. ಕ್ಷಮಿಸಬೇಕು, ಆಶೀರ್ವಚನವೂ ಬೇಡ. ನನ್ನಂಥವರ ಉಪನ್ಯಾಸವಂತೂ ಬೇಡವೇ ಬೇಡ. ಹಿಂದಿನ ಬಾಗಿಲಿನಿಂದ ಬರುವ ಕೋಣೆಯಾದರೆ ಒಳ್ಳೆಯದು, ಬರುವವರನ್ನು ಪೇಟೆ ನೋಡುವುದಿಲ್ಲ. ಯಾರು ಬಂದರು, ಎಷ್ಟು ಜನ ಬಂದರು ಎಂದು ಮಠ ಕೇಳಬಾರದು, ಪತ್ರಿಕೆಗೆ ವರದಿ ಕೊಡಬಾರದು. ಇನ್ನೊಂದು ಕಷ್ಟದ ಮಾತು: ಅವರು ತಿಂಗಳಿಗೆ ನೂರೋ ಇನ್ನೂರೋ ಬಾಡಿಗೆ ಕೊಡುತ್ತಾರೆ, ಅದನ್ನು ಮಠ ತೆಗೆದುಕೊಳ್ಳಬೇಕು. ದಾಸೋಹದ ಮನೆಯವರಿಗೆ ಇದು ಒಗ್ಗುವುದಿಲ್ಲ, ಗೊತ್ತು. ಆದರೆ ಎಲ್ಲರ ಮುಂದೆ ಕೈಯೊಡ್ಡಿ ನಿಂತಿದ್ದವನು ತನ್ನ ದುಡಿಮೆಯ ಹತ್ತು ರೂಪಾಯಿ ಹಾಕಿ ಕೂಡುವಾಗ ಅವನ ಬೆನ್ನು ನೇರವಾಗುತ್ತದೆ. ಕಾಯಕದ ಹಣ ಅದು, ಬೇಡ ಎನ್ನಬೇಡಿರಿ. ಪ್ರಮಾಣದ ಜೋಳಿಗೆ ಇರಲಿ. ಅದರ ಹಿಂದೆ ಈ ಕೋಣೆಯ ಬಾಗಿಲೂ ತೆರೆದಿರಲಿ. ತಮ್ಮನೂ ಅವನ ಇಬ್ಬರು ಗೆಳೆಯರೂ ಬಂದು ನಡೆಸಿಕೊಡಲು ಒಪ್ಪಿದ್ದಾರೆ.

ಮನೆಯವರಿಗೂ ಕೂಟವಿದೆ. ಬಿಲ್ಲನ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯೊಂದಿಗೆ ಕಟ್ಟಿದ ಅಲ್-ಅನಾನ್. ಗಂಡ ಬಿಡಲಿ ಬಿಡದಿರಲಿ, ಹೆಂಡತಿ, ತಾಯಿ, ಮಕ್ಕಳು ತಮ್ಮ ಜೀವ ಹೇಗೆ ಉಳಿಸಿಕೊಳ್ಳಬೇಕು ಎಂಬುದು ಅಲ್ಲಿಯ ಮಾತು. ಇದರ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವಳು ತಮ್ಮನ ಹೆಂಡತಿ. ಇವತ್ತು ಆಕೆಯೂ ಬಂದಿದ್ದಾಳೆ, ಶರಣೆಯರ ಕಡೆ ಕುಳಿತಿದ್ದಾಳೆ.

ಕೂಟ ದೂರವಿದ್ದವರು ಮೊಬೈಲಿನಲ್ಲೇ ಸೇರಬಹುದು. ಕೊರೊನಾ ಕಾಲದಿಂದ ಅಂಥ ಸಭೆಗಳು ಹೆಚ್ಚಾಗಿವೆ. ವ್ಯಸನಕ್ಕೆಂದೇ ಇರುವ ಸರ್ಕಾರದ ಉಚಿತ ಸಹಾಯವಾಣಿ 14446. ಮನಸ್ಸಿನ ಯಾವುದೇ ತೊಂದರೆಗೆ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುವ ಟೆಲಿ-ಮಾನಸ್ 14416. ಬರೆದುಕೊಳ್ಳಿರಿ. ಬರೆದುಕೊಳ್ಳಲು ಸಂಕೋಚವಾದರೆ ಪ್ರಸಾದವಾದ ಮೇಲೆ ಬಾವಿಕಟ್ಟೆಯ ಹತ್ತಿರ ನಾನು ಒಂದು ತಾಸು ಕುಳಿತಿರುತ್ತೇನೆ. ಕೂಟದ ಫೋನು ಸಂಖ್ಯೆ ಬರೆದ ಚೀಟಿಗಳು ಕಿಸೆಯಲ್ಲಿವೆ. ಬಂದು ಒಂದು ತೆಗೆದುಕೊಳ್ಳಿರಿ. ಯಾರಿಗಾಗಿ ಎಂದು ನಾನು ಕೇಳುವುದಿಲ್ಲ.